ಕುಲುಮೆಯಲ್ಲಿ ಬಿಟ್ಟ ಕೊಡಲಿ

ಆ ಕೊಡಲಿಯ ಬಗ್ಗೆ ಬರೆಯುವ ಮೊದಲು ಹಳೆಯ ಡೈರಿಗಳನ್ನು ತೆಗೆದು ನೋಡಿದ್ದೇ ತಪ್ಪಾಯಿತು. ನೋಡದೆ ಬರೆದಿದ್ದರೆ ಇದು ಒಂದು ಅಮೆರಿಕದ ಕಂಪನಿ ನಮ್ಮಪ್ಪನಿಗೆ ಮಾಡಿದ ಅನ್ಯಾಯದ ಕಥೆಯಾಗಿರುತ್ತಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ನಾನು ಅದನ್ನು ಹಾಗೆಯೇ ಹೇಳಿಕೊಂಡು ಬಂದಿದ್ದೆ. ಕೇಳಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ಹೇಳಿ ಹೇಳಿ ನಾನೂ ಅದನ್ನೇ ನಂಬತೊಡಗಿದ್ದೆ.

ಅಪ್ಪ ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು. ಅದರಲ್ಲೂ ಟೂಲ್‌ರೂಮಿನಲ್ಲಿ. ಬೇರೆ ಯಂತ್ರಗಳಿಗೆ ಬೇಕಾದ ಅಚ್ಚು, ಹಿಡಿಕೆ, ಅಳತೆಯ ಪಟ್ಟಿಗಳನ್ನು ತಯಾರಿಸುವ ಜಾಗ ಅದು. ಅಲ್ಲಿನವರಿಗೆ ಉಳಿದ ಕಾರ್ಖಾನೆಯ ಮೇಲೆ ಸಣ್ಣ ತಾತ್ಸಾರ ಇರುತ್ತಿತ್ತು. 2011ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಕೂತ. ಮೊದಲ ಆರು ತಿಂಗಳು ಕುಕ್ಕರಿನ ಹಿಡಿ, ಗೇಟಿನ ಚಿಲಕ, ಪಕ್ಕದ ಮನೆಯ ಗೇಟಿನ ಚಿಲಕ, ಅದರಾಚೆಯ ಮನೆಯವರು ಬೇಡ ಬೇಡ ಅಂದರೂ ಅವರ ಗೇಟಿನ ಚಿಲಕ ಎಲ್ಲ ರಿಪೇರಿಯಾದವು. ಆಮೇಲೆ ಬೀದಿಯಲ್ಲಿ ಕೆಟ್ಟಿದ್ದು ಏನೂ ಉಳಿಯಲಿಲ್ಲ.

ನಾನು ಆಗ ಯಲಹಂಕದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತ, ಸಂಶೋಧನೆಯ ನೆಪದಲ್ಲಿ ಒಂದು ಒಳ್ಳೆಯ ಕಂಪ್ಯೂಟರ್ ಕೊಂಡಿದ್ದೆ. ಅದರಲ್ಲಿ ಸಂಶೋಧನೆಗಿಂತ ಹೆಚ್ಚಾಗಿ ಒಂದು ಆಟ ನಡೆಯುತ್ತಿತ್ತು. ಆಡದವರಿಗಾಗಿ ಹೇಳುವುದಾದರೆ, ನೀವೊಬ್ಬ ಯೋಧ. ಗುಹೆಗಳಿಗೆ ಇಳಿದು ರಾಕ್ಷಸರನ್ನು ಕೊಲ್ಲುತ್ತೀರಿ. ಸತ್ತ ರಾಕ್ಷಸನ ಮೈಯಿಂದ ಕತ್ತಿ, ಶಿರಸ್ತ್ರಾಣ, ಉಂಗುರ ಉದುರುತ್ತವೆ. ಆಡುವವರು ಅದನ್ನು ಲೂಟ್ ಅನ್ನುತ್ತಾರೆ. ಒಳ್ಳೆಯದನ್ನು ತೊಟ್ಟುಕೊಂಡು, ಉಳಿದದ್ದನ್ನು ಬಿಟ್ಟು, ಇನ್ನೂ ದೊಡ್ಡ ರಾಕ್ಷಸನ ಹತ್ತಿರ ಹೋಗಬೇಕು. ಅಷ್ಟೇ.

ಒಂದು ಭಾನುವಾರ ಅಪ್ಪ ಕಾಫಿ ಲೋಟ ಹಿಡಿದು ನನ್ನ ಹಿಂದೆ ನಿಂತಿದ್ದ.

"ಅದ್ಯಾಕಮ್ಮಾ ಅಂಗೇ ಬಿಟ್ಟೋದೆ?"

"ಯಾವುದು?"

"ಆ ಕಬ್ಬಿಣ. ಮೂರು ಕತ್ತಿ ಬಿದ್ದೈತಲ್ಲ ಅಲ್ಲಿ."

"ಅದು ಕಸ ಅಪ್ಪಾ. ಯಾರೂ ಎತ್ಕೊಳಲ್ಲ."

"ಕಸ ಅಂತ ಯಾರು ಏಳಿದ್ದು ನಿಂಗೆ? ಇಂತಾ ಕಸ ಉಜ್ಜಿ ಉಜ್ಜಿನೇ ನಿನ್ನ ಎಂ.ಎ. ಓದ್ಸಿದ್ದು."

ಅವತ್ತೇ ಅವನು ನನ್ನ ಕೈಯಿಂದ ಮೌಸ್ ಕಿತ್ತುಕೊಂಡ ಎಂದು ನನ್ನ ನೆನಪು. ಡೈರಿಯ ಪ್ರಕಾರ ಅದು ಹನ್ನೊಂದು ದಿನಗಳ ನಂತರ: "ಅಪ್ಪ ಆಟ ಹೇಳಿಕೊಡು ಅಂದ. ಹುಳಿಗೆ ಉಪ್ಪು ಜಾಸ್ತಿ." ಹನ್ನೊಂದು ದಿನ ಅವನು ಕೇಳಲು ಸಂಕೋಚಪಟ್ಟಿದ್ದ ಎಂಬುದನ್ನು ನನ್ನ ನೆನಪು ಇಟ್ಟುಕೊಳ್ಳಲಿಲ್ಲ. ಹುಳಿಯನ್ನೂ ಇಟ್ಟುಕೊಳ್ಳಲಿಲ್ಲ ಅನ್ನಿ.

ಆ ಕಾಲದಲ್ಲಿ ಲೂಟ್ ಮಳೆಯ ಹಾಗೆ ಸುರಿಯುತ್ತಿತ್ತು. ಒಂದು ಜೇಡ ಸತ್ತರೂ ಎರಡು ಗುರಾಣಿ. ಜೇಡ ಗುರಾಣಿ ಇಟ್ಟುಕೊಂಡು ಏನು ಮಾಡುತ್ತಿತ್ತು ಎಂದು ಆಟ ಕಟ್ಟಿದವರು ಯೋಚಿಸಿದಂತಿಲ್ಲ. ಅಪ್ಪ ಎಲ್ಲವನ್ನೂ ಎತ್ತಿಕೊಂಡ. ರಾಕ್ಷಸನೊಬ್ಬ ಎದುರಿಗೆ ನಿಂತು ಬಡಿಯುತ್ತಿದ್ದರೂ ಇವನು ಬಗ್ಗಿ ಬಗ್ಗಿ ಚೂರು ಆರಿಸುತ್ತಿದ್ದ. ಆಟದೊಳಗಿನ ಊರಿಗೆ ಮರಳಿ ಪೆಟ್ಟಿಗೆಯಲ್ಲಿ ಒಂದು ಸಾಲು ಕತ್ತಿ, ಒಂದು ಸಾಲು ಉಂಗುರ, ಕೆಳಗೆ ಕರಗಿಸುವ ಸಾಮಾನು ಎಂದು ಕಾರ್ಖಾನೆಯ ಸ್ಟೋರಿನಂತೆ ಜೋಡಿಸುತ್ತಿದ್ದ. ನನ್ನ ಪೆಟ್ಟಿಗೆ ನೋಡಿ, "ಇದೇನು ಗುಜರಿ ಅಂಗ್ಡೀನಾ?" ಅಂದ.

ಅವನನ್ನು ನಿಜವಾಗಿ ಹಿಡಿದಿಟ್ಟಿದ್ದು ಆ ಊರಿನ ಕುಲುಮೆ. ಅಲ್ಲಿ ಒಂದು ಆಯುಧವನ್ನು ಇಟ್ಟು, ಇಂತಿಂಥ ಕಲ್ಲು, ಇಷ್ಟಿಷ್ಟು ಲೋಹ ಕೊಟ್ಟರೆ ಅದು ಒಂದೊಂದು ಹಂತ ಮೇಲೇರುತ್ತಿತ್ತು. ಏನು ಕೊಟ್ಟರೆ ಏನು ಬರುತ್ತದೆ ಎಂದು ಮೊದಲೇ ಬರೆದಿರುತ್ತಿತ್ತು. ಬರೆದಂತೆಯೇ ಬರುತ್ತಿತ್ತು. ಅಪ್ಪ ಒಂದು ಮಾಮೂಲಿ ಕೊಡಲಿಯನ್ನು ಆರಿಸಿಕೊಂಡು ರಟ್ಟಿನ ಮೇಲೆ ಹದಿನಾಲ್ಕು ಹಂತಗಳನ್ನು ಬರೆದು ಗೋಡೆಗೆ ಅಂಟಿಸಿದ. ಒಂದೂವರೆ ವರ್ಷದಲ್ಲಿ ಹದಿಮೂರು ಹಂತ ಮುಗಿಸಿದ. ಹದಿನಾಲ್ಕನೆಯದಕ್ಕೆ ಬೇಕಾದ ನೀಲಿ ಕಲ್ಲು ಮಾತ್ರ ಸಿಗಲೊಲ್ಲದು.

ಈ ಹೊತ್ತಿಗೆ ಅಪ್ಪನಿಗೆ ಒಬ್ಬ ಜೊತೆಗಾರ ಸಿಕ್ಕಿದ್ದ. ಗಂಗಾನಗರದವನು, ಯಾವುದೋ ಬ್ಯಾಂಕಿನಲ್ಲಿ ಗುಮಾಸ್ತ. ನಾವು ಅವನ ಮುಖ ನೋಡಿಲ್ಲ, ಹೆಡ್‌ಫೋನಿನಲ್ಲಿ ಬರುತ್ತಿದ್ದ ದನಿ ಮಾತ್ರ ಗೊತ್ತು. ಮೊದಲ ದಿನವೇ ಅವನು ಕೂಗಿದ್ದ:

"ಮಚ್ಚಾ, ಎಡಗಡೆ ನೋಡ್ಕೋ ಮಚ್ಚಾ!"

"ಯಾರಪ್ಪಾ ನಿನ್ನ ಮಚ್ಚ? ನಂಗೆ ಐವತ್ತಾರು ವರ್ಸ."

ಆ ಕಡೆ ಅರ್ಧ ನಿಮಿಷ ಸದ್ದಿಲ್ಲ. ಆಮೇಲೆ, "ಸಾರಿ ಅಂಕಲ್. ಎಡಗಡೆ ನೋಡ್ಕೊಳಿ ಅಂಕಲ್."

ಅಷ್ಟರಲ್ಲಿ ಅಪ್ಪ ಸತ್ತಿದ್ದ.

ಕಂಪನಿ ಕೆಲವು ತಿಂಗಳಿಗೊಮ್ಮೆ ಆಟದ ನಿಯಮಗಳನ್ನು ಬದಲಾಯಿಸುತ್ತಿತ್ತು. ಬದಲಾವಣೆಗಳ ಉದ್ದನೆಯ ಪಟ್ಟಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅಪ್ಪ ಅದನ್ನು ನೋಟೀಸು ಅನ್ನುತ್ತಿದ್ದ. ಅಳತೆ, ವ್ಯಾಸ, ಗಡಸುತನಗಳ ಇಂಗ್ಲಿಷನ್ನು ಅವನು ನನಗಿಂತ ಚೆನ್ನಾಗಿ ಓದಬಲ್ಲ. ಆದರೆ ಈ ನೋಟೀಸಿನ ಇಂಗ್ಲಿಷ್ ಮಾತುಮಾತಿಗೆ ತಮಾಷೆ ಮಾಡುತ್ತಿತ್ತು. ಅಲ್ಲಿ ಯಾವುದು ನಿಯಮ, ಯಾವುದು ನಗೆಚಾಟಿಕೆ ಎಂದು ಅವನಿಗೆ ಬಿಡಿಸಲಾಗುತ್ತಿರಲಿಲ್ಲ. ಓದಿ ಹೇಳುವುದು ನನ್ನ ಕೆಲಸ. "ಏನಂತೆ?" ಎಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಮೊದಮೊದಲು ಸಾಲುಸಾಲಾಗಿ ಓದಿದೆ. ಆಮೇಲಾಮೇಲೆ ಸಾರಾಂಶ ಹೇಳತೊಡಗಿದೆ. ಮೇಷ್ಟರುಗಳಿಗೆ ಅಂಟುವ ರೋಗ ಅದು.

ಮೊದಲು ಲೂಟಿನ ಮಳೆ ನಿಂತಿತು. ಇನ್ನು ಮುಂದೆ ಬೀಳುವುದು ಕಡಿಮೆ, ಆದರೆ ಬಿದ್ದದ್ದರ ಗುಣಮಟ್ಟ ಹೆಚ್ಚು ಎಂದರು.

"ನಮ್ ಕ್ಯಾಂಟೀನ್‌ನಾಗೂ ಇಂಗೇ ಏಳಿದ್ರು," ಅಂದ ಅಪ್ಪ. "ಮೂರು ಇಡ್ಲಿ ಎರಡು ಮಾಡಿ, ಸೈಜು ದಪ್ಪ ಮಾಡಿದೀವಿ ಅಂತ."

"ಮಾಡಿದ್ರಾ?"

"ತಟ್ಟೆ ಸಣ್ಣದು ಮಾಡಿದ್ರು."

ಮುಂದಿನ ವರ್ಷ ಲೂಟಿಗೆ ಬುದ್ಧಿ ಬಂತು. ನೀವು ಕೊಡಲಿ ಹಿಡಿಯುವವರಾದರೆ ಕೊಡಲಿಯವರಿಗೆ ಒಪ್ಪುವಂಥದ್ದೇ ಬೀಳುತ್ತಿತ್ತು. ಬಿಲ್ಲು, ಮಂತ್ರದಂಡಗಳು ಬೀಳುವುದು ನಿಂತವು. ಎಲ್ಲರೂ ಸಂತೋಷಪಟ್ಟರು. ಅಪ್ಪನಿಗೆ ಮುಜುಗರವಾಯಿತು. ತನಗೆ ಬೇಡದ ಬಿಲ್ಲುಗಳನ್ನು ಹೊಸದಾಗಿ ಆಡಲು ಬಂದವರಿಗೆ ಕೊಡುತ್ತ ಊರ ಬಾಗಿಲಲ್ಲಿ ನಿಲ್ಲುವುದು ಅವನಿಗೆ ಅಭ್ಯಾಸವಾಗಿತ್ತು. "ಎಲ್ಲಾ ನಂಗೇ ಸರಿಹೋಗೋದೇ ಬಿದ್ರೆ ಇನ್ನೊಬ್ರಿಗೆ ಏನ್ ಕೊಡ್ಲಿ?" ಅಂದ. ನಾನು ಅವನಿಗೆ ದಕ್ಷತೆಯ ಬಗ್ಗೆ ಸಣ್ಣ ಪಾಠ ಮಾಡಿದೆ. ಕೇಳಿಸಿಕೊಂಡು ಕಾಫಿ ಮಾಡಲು ಎದ್ದುಹೋದ.

ಆಮೇಲೆ ಕುಲುಮೆಯ ಸರದಿ ಬಂತು. ಅದನ್ನು ಪೂರ್ತಿ ತೆಗೆದುಹಾಕುತ್ತಾರಂತೆ. ಬದಲಿಗೆ ಡೇರೆಯಲ್ಲಿ ಒಬ್ಬ ಮಾಟಗಾತಿ ಕೂರುತ್ತಾಳಂತೆ. ಆಯುಧ ಕೊಟ್ಟರೆ ಅದರ ಒಂದು ಗುಣವನ್ನು ಬದಲಾಯಿಸಿ ಕೊಡುತ್ತಾಳಂತೆ.

"ಏನಕ್ಕೆ ಬದಲಾಯಿಸ್ತಾಳೆ?"

"ಗೊತ್ತಿಲ್ಲ. ಬಂದದ್ದು ಬರುತ್ತೆ."

"ಮತ್ತೆ ಡ್ರಾಯಿಂಗು? ಇಂತಿಂಥದ್ದು ಬರ್ತದೆ ಅಂತ ಅಳತೆ ಬರ್ದಿರೋದು?"

"ಡ್ರಾಯಿಂಗ್ ಇಲ್ಲಪ್ಪಾ. ಅದೃಷ್ಟ."

"ಅದು ಕೆಲಸ ಅಲ್ಲ ಕಣಮ್ಮಾ. ಲಾಟ್ರಿ."

ನನಗೆ ಅದರ ಹಿಂದಿನ ತರ್ಕ ಸೊಗಸಾಗಿ ಕಂಡಿತ್ತು. ಬರೆದಂತೆಯೇ ಬರುವ ಕುಲುಮೆ ಇದ್ದರೆ ಎಲ್ಲರೂ ಒಂದಲ್ಲ ಒಂದು ದಿನ ಒಳ್ಳೆಯ ಕೊಡಲಿ ಮಾಡಿಕೊಂಡು ಆಟ ಬಿಟ್ಟು ಎದ್ದುಹೋಗುತ್ತಾರೆ. ಮುಗಿಯದಂತೆ ನೋಡಿಕೊಂಡರೆ ಕೂತಿರುತ್ತಾರೆ. ಅದೇ ವಾರ ತರಗತಿಯಲ್ಲಿ ಇದನ್ನು ಉದಾಹರಣೆಯಾಗಿ ಕೊಟ್ಟೆ. ಹುಡುಗರು ಮೊದಲ ಬಾರಿಗೆ ಟಿಪ್ಪಣಿ ಬರೆದುಕೊಂಡರು.

ನೋಟೀಸಿನಲ್ಲಿ ಇನ್ನೆರಡು ಮಾತುಗಳಿದ್ದವು. ಹಳೆಯ ಕುಲುಮೆಯಲ್ಲಿ ಮಾಡಿದ ಆಯುಧಗಳು ಎಷ್ಟು ಹಂತ ಆಗಿವೆಯೋ ಅಷ್ಟರ ಬಲವನ್ನು ಉಳಿಸಿಕೊಳ್ಳುತ್ತವೆ. ಆದರೆ ಬದಲಾವಣೆಯ ಹೊತ್ತಿನಲ್ಲಿ ಕುಲುಮೆಯ ಒಳಗೇ ಇರುವ ವಸ್ತುಗಳು ಹಳೆಯ ಬಲ ಕಳೆದುಕೊಂಡು ಹೊಸ ನಿಯಮಕ್ಕೆ ಸೇರುತ್ತವೆ, ಮೊದಲೇ ಕುಲುಮೆ ಖಾಲಿ ಮಾಡಿ. ಮೊದಲನೆಯದನ್ನು ಅಪ್ಪನಿಗೆ ಹೇಳಿದೆ. ಎರಡನೆಯದನ್ನು ಹೇಳಲಿಲ್ಲ. ನಾನು ಆ ಸಾಲನ್ನು ಗಮನಿಸಲೇ ಇಲ್ಲ ಎಂದು ಬಹಳ ವರ್ಷ ನಂಬಿದ್ದೆ. ಈಗ ಡೈರಿ ತೆಗೆದರೆ ನನ್ನದೇ ಅಕ್ಷರದಲ್ಲಿ ಹೀಗಿದೆ: "ಹಬ್ಬಕ್ಕೆ: ಬೂದುಗುಂಬಳ, ಕಡ್ಲೆಪುರಿ, ನಿಂಬೆಹಣ್ಣು ಎಂಟು. ಕುಲುಮೆ ಖಾಲಿ ಮಾಡಬೇಕು." ನಿಂಬೆಹಣ್ಣು ಎಂಟೂ ತಂದಿದ್ದೆ.

ಬದಲಾವಣೆ ನಮ್ಮ ಲೆಕ್ಕದಲ್ಲಿ ವಿಜಯದಶಮಿಯ ಬೆಳಗಿನ ಜಾವ. ಅದರ ಹಿಂದಿನ ದಿನ ಆಯುಧಪೂಜೆ.

ಟೂಲ್‌ರೂಮಿನವರಿಗೆ ಆಯುಧಪೂಜೆ ಎಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಅವತ್ತು ಸಾಮಾನು ತೊಳೆದು, ಕುಂಕುಮ ಇಟ್ಟು, ಹೂವಿಟ್ಟು ಕೈಮುಗಿದ ಮೇಲೆ ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿಸಿಕೊಂಡದ್ದಕ್ಕೆ ಒಂದು ದಿನದ ರಜೆ. ಒಮ್ಮೆ ಯಾವುದೋ ತುರ್ತು ಆರ್ಡರಿಗಾಗಿ ಮ್ಯಾನೇಜರ್ ಬಂದು ಬೇಡಿಕೊಂಡರೂ ಅಪ್ಪ ಲೇತ್ ತಿರುಗಿಸಲಿಲ್ಲವಂತೆ. ಮನೆಯಲ್ಲಿ ಈ ಕಥೆಯಲ್ಲಿ ಮ್ಯಾನೇಜರ್ ಒಂದೊಂದು ಸಲ ಒಂದೊಂದು ಎತ್ತರದ ಹುದ್ದೆಯಲ್ಲಿರುತ್ತಿದ್ದ.

ಆ ಬೆಳಿಗ್ಗೆ ನಡುಮನೆಯಲ್ಲಿ ಪೇಪರ್ ಹಾಸಿ ಸ್ಪ್ಯಾನರು, ಅರಗಳು, ಅಳತೆಯ ವರ್ನಿಯರ್, ಅಮ್ಮನ ಹೊಲಿಗೆ ಮಿಷನ್ನು ಇಟ್ಟಿದ್ದೆವು. ಕಂಪ್ಯೂಟರನ್ನೂ ಒರೆಸಿ ಇಟ್ಟೆವು. ಬರೀ ಕಪ್ಪು ಪರದೆಗೆ ಏನು ಪೂಜೆ ಎಂದು ನಾನೇ ಆಟ ತೆರೆದೆ. ಕೊಡಲಿಯನ್ನು ಯೋಧನ ಬೆನ್ನಿನಿಂದ ಇಳಿಸಿ ಕುಲುಮೆಯಲ್ಲಿಟ್ಟೆ. ಕೆಂಡದ ಮೇಲೆ ಅದು ಕೆಂಪಗೆ ಹೊಳೆಯಿತು.

"ದೀಪ ಅಚ್ಚಿಟ್ಟಂಗೈತೆ," ಅಂದಳು ಅಮ್ಮ. ಮೆಚ್ಚಿಕೊಂಡು ಪರದೆಯ ನಡುಮಧ್ಯಕ್ಕೆ ಕುಂಕುಮ ಇಡಲು ಹೋದಳು.

"ಗಾಜಿಗೆ ಬ್ಯಾಡ್ವೇ! ಮೇಲ್ಗಡೆ ಅಂಚಿಗಿಡು."

"ರಾಕ್ಷಸನ್ನ ಕೊಲ್ಲೋರು ಕುಂಕುಮಕ್ಕೆ ಎದರ್ಕೊಂಡ್ರೆ ಎಂಗ್ರೀ?"

ಸೇವಂತಿಗೆ ಹಾರ, ಕುಂಕುಮ, ನಡುವೆ ಉರಿಯುವ ಕೊಡಲಿ. ನಾನು ಫೋಟೋ ತೆಗೆದೆ. ಸ್ಟಾಫ್ ರೂಮಿನಲ್ಲಿ ತೋರಿಸಬೇಕು, ಪರಂಪರೆ ಮತ್ತು ತಂತ್ರಜ್ಞಾನ ಎಂದು ಏನಾದರೂ ಬರೆಯಬೇಕು ಎಂದು ಅಂದುಕೊಂಡದ್ದು ನೆನಪಿದೆ. ಕುಲುಮೆ ಖಾಲಿ ಮಾಡಬೇಕು ಎಂಬುದು ಆ ಕ್ಷಣದಲ್ಲಿ ನೆನಪಾಗಿತ್ತೇ? ಆಗಿದ್ದೂ, ಫೋಟೋ ಆಗಲಿ, ಆಮೇಲೆ ತೆಗೆದರಾಯಿತು ಎಂದುಕೊಂಡೆನೇ? ಫೋಟೋ ಈಗಲೂ ಇದೆ. ಅದು ಈ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಂಗಳಾರತಿ ಮುಗಿದು ಹತ್ತು ನಿಮಿಷ ಆಗಿರಬೇಕು. ಹೂವಿನ ನಡುವೆ ಇದ್ದ ಹೆಡ್‌ಫೋನಿನಿಂದ ಕಿರುಚು ಕೇಳಿತು. ಅಪ್ಪ ಅದನ್ನು ಮುಟ್ಟದೆ ಅದರ ಪಕ್ಕಕ್ಕೆ ತಲೆ ಬಗ್ಗಿಸಿದ.

"ಅಂಕಲ್! ಸಿಕ್ತು ಅಂಕಲ್! ನೀಲಿ ಕಲ್ಲು!" ಗಂಗಾನಗರದವನು. "ತಗೊಳಿ, ಕೊಡಲಿಗೆ ಹಾಕಿ, ಇವತ್ತೇ ಲಾಸ್ಟು!"

"ಒಳ್ಳೇದಾಯ್ತಪ್ಪಾ. ನೀನೇ ಇಟ್ಕೋ."

"ಏನ್ ಅಂಕಲ್ ಹಿಂಗಂತೀರ? ನಾಳೆ ಕುಲುಮೆನೇ ಇರಲ್ಲ!"

"ಇವತ್ತು ಮುಟ್ಟಂಗಿಲ್ಲ. ಪೂಜೆ ಆಗೋಯ್ತು."

"ಒಂದು ಕ್ಲಿಕ್ ಅಂಕಲ್! ದೇವರು ಏನೂ ಅನ್ಕೊಳಲ್ಲ."

"ದೇವ್ರಲ್ಲಪ್ಪಾ, ಕೊಡಲಿ ಅನ್ಕೊಳ್ತದೆ."

"ಮಗಳ ಕೈಲಿ ಒತ್ತಿಸಿ ಅಂಕಲ್, ಪ್ಲೀಸ್!"

ಅಪ್ಪ ನನ್ನ ಕಡೆ ನೋಡಿದ. ನಾನು ಒತ್ತಲು ಸಿದ್ಧಳಾಗಿದ್ದೆ. ಅವನಿಗೂ ಅದು ಕಂಡಿರಬೇಕು.

"ಅವಳೂ ಮುಟ್ಟಂಗಿಲ್ಲ," ಅಂದ. ಆಮೇಲೆ ನನಗೆ, "ಅದಿಮೂರಕ್ಕೇ ನಿಂತ್ರೆ ನಿಲ್ಲಲಿ ಬಿಡು. ಇರೋದು ಇದ್ದಂಗೇ ಇರ್ತದೆ ಅಂದ್ಯಲ್ಲ?"

"ಹ್ಞೂಂ," ಅಂದೆ.

ಹದಿನಾಲ್ಕನೆಯ ಹಂತವನ್ನು ಅವನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿದ್ದು ನನ್ನ ಆ ಮಾತಿನ ಮೇಲೆ. ಅವನಿಗೆ ಬೇರೆ ದಾರಿ ಇತ್ತು. ಪೂಜೆಗೆ ಮೊದಲು ನಾನು ಆ ಎರಡನೆಯ ಮಾತನ್ನು ಹೇಳಿದ್ದರೆ ಕೊಡಲಿ ಕುಲುಮೆಗೆ ಹೋಗುತ್ತಲೇ ಇರಲಿಲ್ಲ. ಪೂಜೆಯಾದ ಮೇಲೂ ಹೇಳಬಹುದಿತ್ತು. ಆಗ ಅವನು ಏನು ಮಾಡುತ್ತಿದ್ದನೋ ಗೊತ್ತಿಲ್ಲ. ಆಯ್ಕೆ ಅವನದಾಗಿರುತ್ತಿತ್ತು.

ವಿಜಯದಶಮಿಯ ದಿನ ಸ್ನಾನ ಮಾಡಿ ಬಂದು ಕೂತ. ಕುಲುಮೆ ಇದ್ದ ಜಾಗದಲ್ಲಿ ಒಂದು ನೇರಳೆ ಡೇರೆ. ಕೊಡಲಿ ಅವನ ಚೀಲದಲ್ಲಿತ್ತು. ಬಣ್ಣ ಹೋಗಿತ್ತು. ಹದಿಮೂರು ಹಂತಗಳೂ ಹೋಗಿದ್ದವು. ಹೊಡೆತದ ಬಲ ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಬದಲಿಗೆ ಹೊಸ ನಿಯಮ ತನ್ನ ಔದಾರ್ಯದಿಂದ ಒಂದು ಹೊಸ ಗುಣ ದಯಪಾಲಿಸಿತ್ತು.

"ಇದೇನಮ್ಮಾ ಬರ್ದಿರೋದು?"

"ನಡಿಗೆ ವೇಗ ನೂರಕ್ಕೆ ಮೂರು ಹೆಚ್ಚು."

"ಕೊಡಲಿ ಇಡ್ಕೊಂಡ್ರೆ ಬಿರ್‌ಬಿರ್ನೆ ನಡೀಬೋದಾ?"

"ಹ್ಞೂಂ."

ಅವನು ನಗಲಿಲ್ಲ. ಗೋಡೆಯ ಮೇಲಿನ ರಟ್ಟನ್ನು ನೋಡಿದ. ಆಮೇಲೆ ಯೂನಿಯನ್ ಸಭೆಗಳಲ್ಲಿ ಎದ್ದು ನಿಲ್ಲುವಾಗಿನ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದ.

"ನೋಟೀಸ್ ಕೊಟ್ಟಿದ್ರಾ?"

ಅವನ ಜಗತ್ತಿನಲ್ಲಿ ಎಲ್ಲವೂ ಅದರ ಮೇಲೆ ನಿಂತಿತ್ತು. ನೋಟೀಸ್ ಅಂಟಿಸಿದ್ದರೆ ಆಡಳಿತದವರು ಏನು ಬೇಕಾದರೂ ಮಾಡಬಹುದು, ತಪ್ಪು ಓದದವರದು. ಅಂಟಿಸದಿದ್ದರೆ ಒಂದು ಮೊಳೆಯನ್ನೂ ಕದಲಿಸುವಂತಿಲ್ಲ.

"ಇಲ್ಲ," ಅಂದೆ. ಯೋಚಿಸದೆ ಅಂದೆ ಎಂದು ಬರೆಯಬೇಕೆನಿಸುತ್ತದೆ. ಯೋಚಿಸಿಯೇ ಅಂದಿರಬೇಕು. ಅಷ್ಟು ಬೇಗ ಬಂದ ಉತ್ತರ ಎಲ್ಲೋ ಮೊದಲೇ ತಯಾರಾಗಿತ್ತು.

ಅಪ್ಪ ಅವತ್ತೇ ಕಂಪನಿಗೆ ಒಂದು ಪತ್ರ ಹೇಳಿ ಬರೆಸಿದ. ಮಾನ್ಯರೇ, ವಿಷಯ: ಪೂರ್ವಸೂಚನೆ ಇಲ್ಲದೆ ಕೊಡಲಿಯ ಬಲ ಕುಗ್ಗಿಸಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ನಾನು ತಮ್ಮ ಆಟದಲ್ಲಿ ಒಂದೂವರೆ ವರ್ಷದಿಂದ ಯಾವುದೇ ದೂರಿಗೆ ಆಸ್ಪದ ಕೊಡದೆ ರಾಕ್ಷಸರನ್ನು ಕೊಲ್ಲುತ್ತ ಬಂದಿದ್ದೇನೆ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ನೋಟೀಸ್ ನೀಡಿರುವುದಿಲ್ಲ ಎಂಬ ಸಾಲಿನ ಕೆಳಗೆ ಗೆರೆ ಎಳೆಯಲು ಹೇಳಿದ. ಎಳೆದೆ.

ಮೂರನೆಯ ದಿನ ಉತ್ತರ ಬಂತು. ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಅಮ್ಮ ಸೊಪ್ಪು ಬಿಡಿಸುತ್ತ ಬಾಗಿಲಲ್ಲಿ ಕೂತಳು.

"ಏನಂತೆ?"

"ವೀರ ಯೋಧರೇ ಅಂತ ಶುರು ಮಾಡಿದಾರೆ."

"ಯಾರಿಗೆ, ಇವರಿಗಾ?" ಅಂದಳು ಅಮ್ಮ.

ಪತ್ರ ಬಹಳ ವಿನಯದಿಂದಿತ್ತು. ವಿಷಾದ ವ್ಯಕ್ತಪಡಿಸಿದ್ದರು. ಕೊಡಲಿಯನ್ನು ಮೊದಲಿನಂತೆ ಮಾಡಿಕೊಡಲಾಗದು ಎಂದಿದ್ದರು. ಕೊನೆಗೆ, ಹಬ್ಬಕ್ಕೆ ಹನ್ನೆರಡು ದಿನ ಮೊದಲೇ ಪ್ರಕಟವಾದ ನೋಟೀಸನ್ನು ಲಗತ್ತಿಸಿ, ಕುಲುಮೆ ಖಾಲಿ ಮಾಡಿ ಎಂಬ ಸಾಲನ್ನು ಹಳದಿ ಬಣ್ಣದಲ್ಲಿ ಗುರುತಿಸಿದ್ದರು. ಅಪ್ಪನಿಗೆ ಆ ಹಳದಿ ಕಾಣುತ್ತಿತ್ತು. ಏನು ಬರೆದಿದೆ ಎಂದು ನಾನು ಹೇಳಬೇಕಿತ್ತು.

ಸಾಧ್ಯವಿದ್ದ ಸಾರಾಂಶಗಳು ಎರಡು ಮೂರು ಇದ್ದವು. ಒಂದನ್ನು ಬಾಯಿಯವರೆಗೂ ತಂದೆ.

"ನೋಟೀಸ್ ಇತ್ತಪ್ಪಾ. ನಾನು ಓದಿದ್ದೆ. ನಿನಗೆ ಹೇಳಲಿಲ್ಲ."

"ಮರ್ತೋಯ್ತಾ?"

"ಗೊತ್ತಿಲ್ಲ."

"ಮತ್ತೆ ಇಲ್ಲ ಅಂದೆ ಅವತ್ತು?"

ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದಳು. ಅಪ್ಪ ತುಂಬ ಹೊತ್ತು ಆ ಹಳದಿ ಸಾಲನ್ನೇ ನೋಡಿದ. ಬಯ್ಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಅಳಬಹುದಿತ್ತು.

"ಬರಿ ಇನ್ನೊಂದು," ಅಂದ.

"ಏನಂತ?"

"ಸುಳ್ಳು ದೂರು ಕೊಟ್ಟಿದೀವಿ ಅವ್ರ ಮ್ಯಾಲೆ. ವಾಪಸ್ ತಗೋಬೇಕು."

"ಅಪ್ಪಾ, ಅದನ್ನೆಲ್ಲ ಯಾರೂ ಓದಲ್ಲ. ಅಲ್ಲಿ ಮನುಷ್ಯರು ಇದಾರೋ ಇಲ್ವೋ."

"ಇಲ್ದಿದ್ರೂ ಬರಿ."

ಬರೆದೆ. ಈ ಎರಡನೆಯ ಪತ್ರ ನನ್ನ ನೆನಪಿನಲ್ಲಿ ಬಹಳ ಸುಂದರವಾಗಿದೆ. ತಪ್ಪು ಯಾರದೆಂದು ಬರೆಯಲಿ ಎಂದು ನಾನು ಕೇಳುತ್ತೇನೆ. ಅಪ್ಪ "ನಮ್ಮದು ಅಂತ ಬರಿ," ಅನ್ನುತ್ತಾನೆ. ನಾನು ಕಣ್ಣೊರೆಸಿಕೊಂಡು ಟೈಪ್ ಮಾಡುತ್ತೇನೆ. ಹತ್ತಿರದ ಇಬ್ಬರು ಗೆಳತಿಯರಿಗೆ ಮಾತ್ರ ಇದನ್ನು ಹೇಳಿದ್ದೇನೆ. ಅವರೂ ಕಣ್ಣೊರೆಸಿಕೊಂಡಿದ್ದರು.

ಹೋದ ವಾರ ಹಳೆಯ ಮೇಲ್‌ಗಳಲ್ಲಿ ಹುಡುಕಿದೆ. ಪತ್ರ ಸಿಕ್ಕಿತು. "ಕಾಲೇಜಿನಲ್ಲಿ ಉಪನ್ಯಾಸಕಿಯಾಗಿರುವ ನನ್ನ ಮಗಳ ನಿರ್ಲಕ್ಷ್ಯದಿಂದ ಈ ಪ್ರಮಾದ ಸಂಭವಿಸಿರುತ್ತದೆ" ಎಂದು ಅದರಲ್ಲಿ ಸ್ಪಷ್ಟವಾಗಿದೆ. ಟೈಪ್ ಮಾಡಿದ್ದು ನಾನೇ. ವ್ಯಾಕರಣ ದೋಷ ಒಂದೂ ಇಲ್ಲ.

ಅಪ್ಪ ಆಟ ಬಿಡಲಿಲ್ಲ. ಆ ಕೊಡಲಿಯನ್ನು ಹಿಡಿದುಕೊಂಡೇ, ನೂರಕ್ಕೆ ಮೂರರಷ್ಟು ಬಿರುಸಾಗಿ ನಡೆಯುತ್ತ, ಮೊದಲಿಗಿಂತ ಹೆಚ್ಚು ಸಲ ಸಾಯುತ್ತ ಆಡಿದ. ಮಾಟಗಾತಿಯ ಡೇರೆಗೆ ಮಾತ್ರ ಹೋಗಲಿಲ್ಲ. ಮಾರನೆಯ ತಿಂಗಳು ಹೊಸ ನೋಟೀಸ್ ಬಂದಾಗ ನಾನು ಎಂದಿನಂತೆ ಹೋಗಿ ಪಕ್ಕದಲ್ಲಿ ನಿಂತೆ. ಅವನು ಮೇಜಿನ ಮೇಲೆ ನನ್ನ ಹೈಸ್ಕೂಲಿನ ನಿಘಂಟನ್ನು ತೆರೆದಿಟ್ಟುಕೊಂಡು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಪದ ದಾಟುತ್ತಿದ್ದ. ಎರಡನೆಯ ಸಾಲಿನಲ್ಲಿ ಬೆರಳು ನಿಂತಿತು. ಅದು ತಮಾಷೆಯ ಮಾತು. ನಿಘಂಟಿನಲ್ಲಿ ಸಿಗುವಂಥದ್ದಲ್ಲ.

"ಅದು ಏನಂದ್ರೆ ಅಪ್ಪಾ..." ಅಂದೆ.

"ಇರ್ಲಿ ಬಿಡಮ್ಮಾ. ನಿಂಗೆ ಕಾಲೇಜಿಗೆ ಒತ್ತಾಯ್ತದೆ," ಅಂದು ಹೆಡ್‌ಫೋನ್ ಹಾಕಿಕೊಂಡು ಆ ಸಾಲಿನ ಅರ್ಥ ಕೇಳಲು ಗಂಗಾನಗರದವನನ್ನು ಕರೆದ.